ನೋಟದ ಅಧಿಕಾರ

ಆಡುಮಾತಿನಲ್ಲಿ ಆಳುವವರಿಗೆ ಸಲ್ಲುವ 'ಅಧಿಕಾರ' ಎಂಬ ಪದಕ್ಕೆ ಭಾರತೀಯ ದರ್ಶನಗಳಲ್ಲಿ ಬೇರೆಯದೇ ಅರ್ಥವಿದೆ. ಒಂದು ವಿದ್ಯೆಯನ್ನೋ ಸಾಧನೆಯನ್ನೋ ಕೈಗೊಳ್ಳಲು ಬೇಕಾದ ಅರ್ಹತೆಗೆ ಅಲ್ಲಿ ಆ ಹೆಸರು, ಅದುಳ್ಳವನೇ ಅಧಿಕಾರಿ. ಬೆಟ್ಟವನ್ನೋ ಸರೋವರವನ್ನೋ ಸುಮ್ಮನೆ ನೋಡುವುದಕ್ಕೂ ಅಂಥ ಅರ್ಹತೆ ಬೇಕೇ ಎಂಬ ಪ್ರಶ್ನೆಯು ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಎದ್ದದ್ದು ಯಾವ ಮಠದಲ್ಲಿಯೂ ಅಲ್ಲ, ಪ್ರವಾಸಿಗರ ಛತ್ರಗಳ, ದೋಣಿಗಳ, ಕೊನೆಗೆ ರೈಲಿನ ನಡುವೆ.

1720ರ ದಶಕದಲ್ಲಿ ಲೇಖಕ ಡೇನಿಯಲ್ ಡಿಫೋ ಈ ಸೀಮೆಯನ್ನು ಬರಡು, ಭಯಂಕರ ಎಂದು ಬರೆದು ಮುಂದೆ ಸಾಗಿದ್ದನು. ಐವತ್ತು ವರ್ಷ ಕಳೆಯುವಷ್ಟರಲ್ಲಿ, ಬೆಟ್ಟಗಳು ಇದ್ದಂತೆಯೇ ಇರಲು, ಅವನ್ನೇ ನೋಡಲು ಜನ ಖರ್ಚು ಮಾಡಿಕೊಂಡು ಬರುತ್ತಿದ್ದರು. ಸುಂಕ ವಸೂಲಿಯ ಹೊಸ ರಸ್ತೆಗಳು ಇದಕ್ಕೆ ನೆರವಾದುದು ನಿಜ. ಆದರೆ ಅದಕ್ಕೂ ಮಿಗಿಲಾಗಿ, ಅಂಜಿಕೆ ಹುಟ್ಟಿಸುವ ಅಗಾಧತೆಯೂ, ನೋಡುವವನು ಸುರಕ್ಷಿತನಾಗಿದ್ದರೆ, ಆನಂದವನ್ನೇ ಕೊಡುತ್ತದೆಂಬ 'ಭವ್ಯ'ದ ವಿಚಾರವನ್ನು ಎಡ್ಮಂಡ್ ಬರ್ಕ್ 1757ರಲ್ಲಿ ಪುಸ್ತಕವಾಗಿಸಿದ್ದನು. 1778ರಲ್ಲಿ ಜೆಸ್ಯೂಟ್ ಪಾದ್ರಿಯಾದ ಥಾಮಸ್ ವೆಸ್ಟ್ ಈ ಸರೋವರಗಳಿಗೆ ಕೈಪಿಡಿ ಬರೆದು, ನೋಟಕನು ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ಗುರುತಿಸಿ, ಆ ತಾಣಗಳನ್ನು 'ಸ್ಟೇಷನ್' ಎಂದು ಕರೆದನು. ಅದು ಭೂಮಾಪಕರ ಮಾತೂ ಹೌದು. ಆದರೂ ಕ್ರಿಸ್ತನ ಶಿಲುಬೆಯ ಹಾದಿಯನ್ನು ನೆನೆದು ಭಕ್ತರು ಪ್ರಾರ್ಥಿಸುವ ನಿಲುಗಡೆಗಳಿಗೂ ಅದೇ ಹೆಸರಿರುವುದರಿಂದ, ಪಾದ್ರಿಯೊಬ್ಬನ ಕೈಪಿಡಿಯಲ್ಲಿ ಅದು ಯಾತ್ರೆಯ ವಾಸನೆಯನ್ನು ಹೊತ್ತಂತೆ ತೋರುತ್ತದೆ.

ಈ ಯಾತ್ರಿಕರ ಕೈಯಲ್ಲಿ ಜಪಮಾಲೆಯ ಬದಲು ಕ್ಲಾಡ್ ಕನ್ನಡಿ ಇರುತ್ತಿತ್ತು. ಚಿತ್ರಕಾರ ಕ್ಲಾಡ್ ಲೊರೈನನ ಹೆಸರು ಹೊತ್ತ, ತುಸು ಉಬ್ಬಿದ, ಕಪ್ಪು ಛಾಯೆಯ ಈ ಗಾಜಿನೊಳಗೆ ದೃಶ್ಯವು ಚಿಕ್ಕದಾಗಿ, ಹದವಾದ ಬಣ್ಣದಲ್ಲಿ, ಚೌಕಟ್ಟು ಹಾಕಿದ ಚಿತ್ರದಂತೆ ಮೂಡುತ್ತಿತ್ತು. ಅದನ್ನು ಕಾಣಬೇಕಾದರೆ ಸರೋವರಕ್ಕೆ ಬೆನ್ನು ಮಾಡಿ ನಿಲ್ಲಬೇಕಾಗಿತ್ತು. 1769ರಲ್ಲಿ ಈ ಸೀಮೆಯ ಕೆಸ್ವಿಕ್ ಊರಿಗೆ ಬಂದಿದ್ದ ಕವಿ ಥಾಮಸ್ ಗ್ರೇ, ಕನ್ನಡಿಯನ್ನು ಬಿಚ್ಚಿ ಹಿಡಿದಿದ್ದಾಗಲೇ ಕೆಸರಿನ ಓಣಿಯೊಂದರಲ್ಲಿ ಅಂಗಾತ ಬಿದ್ದು, ಬೆರಳ ಗೆಣ್ಣು ಜಜ್ಜಿಕೊಂಡದ್ದನ್ನು ತಾನೇ ದಾಖಲಿಸಿದ್ದಾನೆ. ಕಾವ್ಯದ ಅಧಿಕಾರಿಯಾದ ಸಹೃದಯನನ್ನು ಲಕ್ಷಣೀಕರಿಸುವಾಗ ಕಾವ್ಯಮೀಮಾಂಸಕ ಅಭಿನವಗುಪ್ತನೂ ಕನ್ನಡಿಯ ರೂಪಕವನ್ನೇ ಬಳಸುತ್ತಾನೆ, ಆದರೆ ಅವನದು ಸತತ ಅಭ್ಯಾಸದಿಂದ ತಿಳಿಯಾದ ಮನಸ್ಸಿನ ಕನ್ನಡಿ. ಅಂಗಡಿಯಲ್ಲಿ ಕೊಂಡ ಗಾಜಿಗೂ ತಿಕ್ಕಿ ಬೆಳಗಿದ ಮನಸ್ಸಿಗೂ ಇರುವ ಅಂತರದಲ್ಲಿಯೇ ಪ್ರಶ್ನೆಯ ಮುಖ್ಯ ತೊಡಕಿದೆ.

ಏಕೆಂದರೆ ಕೊಳ್ಳುವಿಕೆ ಬೇಗನೆ ಬೆಳೆಯಿತು. ವಿಂಡರ್‌ಮಿಯರ್ ಸರೋವರದ ಪಶ್ಚಿಮ ದಡದ ಕ್ಲೈಫ್ ಸ್ಟೇಷನ್ ಎಂಬ ನೋಟಗೃಹದ ಕಿಟಕಿಗಳಿಗೆ ಬಣ್ಣದ ಗಾಜು ಕೂರಿಸಿ, ಹಳದಿಯಲ್ಲಿ ಬೇಸಿಗೆಯನ್ನು, ಕಡುನೀಲಿಯಲ್ಲಿ ಬೆಳದಿಂಗಳನ್ನು ಯಾವ ಹೊತ್ತಿನಲ್ಲಾದರೂ ತೋರಿಸಲಾಗುತ್ತಿತ್ತು. ಡರ್ವೆಂಟ್‌ವಾಟರ್ ದಡದ ಲೊಡೋರ್‌ನ ಛತ್ರದಲ್ಲಿ ಪ್ರತಿಧ್ವನಿಗೂ ಬೆಲೆಯಿತ್ತು: ದೊಡ್ಡ ಫಿರಂಗಿ ಹಾರಿಸಿದರೆ 4 ಷಿಲಿಂಗ್, ಚಿಕ್ಕದಕ್ಕೆ ಎರಡೂವರೆ. ಕೆಸ್ವಿಕ್‌ನಲ್ಲಿಯೇ ನೆಲಸಿದ್ದ ಕವಿ ರಾಬರ್ಟ್ ಸೌದಿ 1807ರಲ್ಲಿ, ಕಲ್ಪಿತ ಸ್ಪ್ಯಾನಿಷ್ ಪ್ರವಾಸಿಯೊಬ್ಬನ ಬಾಯಲ್ಲಿ, ಈ ದರಪಟ್ಟಿಯನ್ನು ಚೆನ್ನಾಗಿ ಗೇಲಿ ಮಾಡಿದ್ದಾನೆ.

ಕನ್ನಡದ ನವೋದಯ ಕವಿಗಳಿಗೆ ಗುರುಸ್ಥಾನದಲ್ಲಿದ್ದ ವರ್ಡ್ಸ್‌ವರ್ತ್ ನೋಟಕ್ಕೆ ಅರ್ಹತೆ ಬೇಕೇ ಎಂಬ ಈ ವಾದಕ್ಕೆ ಇಳಿದದ್ದು 1844ರಲ್ಲಿ, ಕೆಂಡಲ್‌ನಿಂದ ವಿಂಡರ್‌ಮಿಯರ್ ಕಡೆಗೆ ರೈಲು ಹಾಕುವ ಯೋಜನೆ ಬಂದಾಗ. ಆ ಪ್ರಾಂತವು ಒಂದು ಬಗೆಯಲ್ಲಿ ಇಡೀ ರಾಷ್ಟ್ರದ ಸ್ವತ್ತು ಎಂದು ಹಿಂದೆ ಬರೆದವನೂ ಅವನೇ. ಆದರೆ ಆ ಹಕ್ಕನ್ನು ಕಾಣುವ ಕಣ್ಣೂ ಸವಿಯುವ ಹೃದಯವೂ ಉಳ್ಳವರಿಗೆಂದು ಅವನು ಆಗಲೇ ಸೀಮಿತಗೊಳಿಸಿದ್ದನು. 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಬರೆದ ಪತ್ರಗಳಲ್ಲಿ ಅವನು, ಬೆಟ್ಟಗಾಡಿನ ರುಚಿ ಹುಟ್ಟಿನಿಂದ ಬರುವುದಲ್ಲ, ನಿಧಾನದ ಸಂಸ್ಕಾರದಿಂದ ಬರುವುದು ಎಂದೂ, ಕಾರ್ಖಾನೆಯ ಕೆಲಸಗಾರರನ್ನು ಗುಂಪುಗುಂಪಾಗಿ ತಂದಿಳಿಸಿದರೆ ಅವರಿಗೆ ಲಾಭವಿಲ್ಲ, ಕುಸ್ತಿ, ದೋಣಿ ಪಂದ್ಯ, ಹೆಂಡದಂಗಡಿಗಳು ಹೆಚ್ಚುತ್ತವೆ ಎಂದೂ ವಾದಿಸಿದನು. ಮೊದಲ ಮಾತು ಸತ್ಯ, ಡಿಫೋನೇ ಅದಕ್ಕೆ ಸಾಕ್ಷಿ. ಎರಡನೆಯದು ಅದರಿಂದ ಹೊರಡುವುದಿಲ್ಲ. ಅಭ್ಯಾಸದಿಂದ ಬರುವ ಅರ್ಹತೆಯನ್ನು ಅಭ್ಯಾಸದ ನೆಲಕ್ಕೆ ಬರುವ ಮೊದಲೇ ಕೇಳುವುದು, ಈಜು ಕಲಿತವರಷ್ಟೇ ನೀರಿಗಿಳಿಯಲಿ ಎಂದಂತೆ. ಗದ್ದಲವನ್ನು ತಂದವರಾದರೂ ಕೂಲಿಕಾರರಲ್ಲ: ಡರ್ವೆಂಟ್‌ವಾಟರ್‌ನ ದ್ವೀಪವೊಂದರ ಸಿರಿವಂತ ಒಡೆಯ ಜೋಸೆಫ್ ಪಾಕ್ಲಿಂಗ್ಟನ್ 1780ರ ದಶಕದಲ್ಲಿಯೇ ದೋಣಿ ಪಂದ್ಯವನ್ನೂ ಫಿರಂಗಿಗಳ ಅಣಕು ಕಾಳಗವನ್ನೂ ನಡೆಸಿದ್ದನು.

ರೈಲು 1847ರ ಏಪ್ರಿಲ್‌ನಲ್ಲಿ ಬಂದಿತು, ಆದರೆ ಸರೋವರವನ್ನು ಮುಟ್ಟದೆ ಸುಮಾರು ಒಂದು ಮೈಲಿ ಆಚೆಯ ಬರ್ತ್‌ವೇಟ್ ಎಂಬಲ್ಲಿ ನಿಂತಿತು. ನಿಲ್ದಾಣಕ್ಕೆ ವಿಂಡರ್‌ಮಿಯರ್ ಎಂದು ಹೆಸರಿಟ್ಟುದರಿಂದ, ಅದರ ಸುತ್ತ ಬೆಳೆದ ಊರಿಗೂ ನೀರಿನ ಹೆಸರೇ ಅಂಟಿಕೊಂಡಿತು. ರೈಲನ್ನು ವಿರೋಧಿಸಿದ ಕವಿಯೂ ಪ್ರವಾಸಿಗರನ್ನು ಕರೆತಂದವರಲ್ಲಿ ಒಬ್ಬನು: 1810ರಲ್ಲಿ ಅನಾಮಧೇಯ ಮುನ್ನುಡಿಯಾಗಿ ಹುಟ್ಟಿದ ಅವನ ಸರೋವರ ಕೈಪಿಡಿಯು 1835ಕ್ಕೆ ಐದನೆಯ ಆವೃತ್ತಿ ಕಂಡಿತ್ತು. ಅವನನ್ನು ನೋಡಲು ಬಂದ ಪಾದ್ರಿಯೊಬ್ಬನು, ಆ ಕೈಪಿಡಿಯಲ್ಲದೆ ತಾವು ಬೇರೇನಾದರೂ ಬರೆದದ್ದುಂಟೇ ಎಂದು ಭಕ್ತಿಯಿಂದಲೇ ವಿಚಾರಿಸಿದನೆಂದು ಮ್ಯಾಥ್ಯೂ ಆರ್ನಲ್ಡ್ ಬರೆದಿದ್ದಾನೆ.