ಮೊಳ ಹೂವಿನ ಲೆಕ್ಕ

ನಂಬಿಕೆ ಎಂದೊಡನೆ ದೇವರು, ದಾಂಪತ್ಯ, ಸ್ನೇಹ ಇಂಥ ದೊಡ್ಡ ಮಾತುಗಳೇ ನಮಗೆ ನೆನಪಾಗುತ್ತವೆ. ನನಗೆ ಮಾತ್ರ 60 ರೂಪಾಯಿ ನೆನಪಾಗುತ್ತದೆ.

ನಮ್ಮ ಬೀದಿಗೆ ದಿನವೂ ಬೆಳಿಗ್ಗೆ ಹೂವಿನಾಕೆ ಬರುತ್ತಾಳೆ. ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಹೂವಿಗೆ ಮಾರುವವಳ ಮೊಳಕೈಯೇ ಅಳತೆ. ಆಕೆ ಒಂದು ಮೊಳ ಅಳೆದು, ಮೇಲೊಂದು ಗೇಣು ಸೇರಿಸಿ ಮಲ್ಲಿಗೆ ಕೊಡುತ್ತಿದ್ದಳು. ದುಡ್ಡು ತಿಂಗಳಿಗೊಮ್ಮೆ. ನಾನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಡುತ್ತಿದ್ದೆ. ಓದುಬರಹವಿಲ್ಲದ ಆಕೆಗೆ ಲೆಕ್ಕವೆಲ್ಲ ಮನಸ್ಸಿನಲ್ಲೇ.

2019ರ ಏಪ್ರಿಲ್ ಕೊನೆಯಲ್ಲಿ ಆಕೆಯ ಲೆಕ್ಕ ನನ್ನದಕ್ಕಿಂತ ಮೂರು ಮೊಳ ಹೆಚ್ಚಾಗಿತ್ತು. ಆಗ ಮೊಳಕ್ಕೆ 20 ರೂಪಾಯಿ. "ನಾನು ಬರೆದಿಟ್ಟಿದ್ದೀನಮ್ಮ, ನೀನು ಬಾಯಿಲೆಕ್ಕ ಹೇಳ್ತೀಯ" ಎಂದೆ. ತರಗತಿಯಲ್ಲಿ ತಪ್ಪು ಹಿಡಿಯುವ ದನಿಯೇ ಬಂದಿರಬೇಕು. ಆಕೆ ಕ್ಯಾಲೆಂಡರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೊಟ್ಟಷ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ರಾತ್ರಿ ಊಟದ ಹೊತ್ತಿನಲ್ಲಿ ಅತ್ತೆ, "ನೀನು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋಕೆ ಹೋಗಿದ್ದಾಗ ಮೂರು ದಿನ ಹೂವು ನಾನೇ ಇಸ್ಕೊಂಡಿದ್ದೆನಲ್ಲೇ" ಎಂದರು. ತುತ್ತು ಗಂಟಲಲ್ಲೇ ನಿಂತಿತು. ಬರೆಯುವವಳೇ ಊರಲ್ಲಿಲ್ಲದ ದಿನ ಚುಕ್ಕೆ ಇಡುವವರು ಯಾರು?

ಮರುದಿನ ತಪ್ಪಾಯಿತೆಂದು ಹೇಳಿ 60 ರೂಪಾಯಿ ಕೊಟ್ಟೆ. "ಹೋಗ್ಲಿ ಬಿಡಿ ಟೀಚರಮ್ಮ, ಮರೆವು ಯಾರಿಗಿಲ್ಲ" ಎಂದು ಹೂವು ಅಳೆದಳು. ಆಮೇಲೆ ಕೈ ಚಾಚಿ, "ಇನ್ಮೇಲೆ ಆವತ್ತಿನ ದುಡ್ಡು ಆವತ್ತೇ ಕೊಟ್ಬಿಡಿ" ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ. ಮೊಳದ ಮೇಲಿನ ಗೇಣೂ ಇರಲಿಲ್ಲ.

ಅಲ್ಲಿಯವರೆಗೆ ಆಕೆಯನ್ನು ನಂಬಿದವಳು ನಾನು ಎಂದುಕೊಂಡಿದ್ದೆ. ನಿಜವಾಗಿ, ನಸುಕಿನಲ್ಲೇ ಮಾರುಕಟ್ಟೆಯಲ್ಲಿ ದುಡ್ಡು ಸುರಿದು ಹೂವು ತಂದು, ತಿಂಗಳುಗಟ್ಟಲೆ ನನಗೆ ಸಾಲ ಕೊಟ್ಟವಳು ಆಕೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯ ಈರಭದ್ರ ನಾನೇ ಆಗಿದ್ದೆ.

ಆ ಜೂನ್‌ನಲ್ಲಿ ತರಗತಿಯಲ್ಲಿ ಪುಣ್ಯಕೋಟಿಯ ಕಥೆ ಹೇಳುತ್ತಿದ್ದೆ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹೋದ ಹಸು ಮಾತಿನಂತೆ ಹಿಂದಿರುಗಿತಲ್ಲ, ಅದೇ ಸತ್ಯ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹುಲಿ ಬಿಡದೇ ಇದ್ದಿದ್ರೆ ಹಸು ಸತ್ಯವಂತೆ ಅಂತ ಯಾರಿಗೆ ಗೊತ್ತಾಗ್ತಿತ್ತು ಮಿಸ್?"

ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ಹಸಿದ ಹುಲಿ ಮೊದಲು ನಂಬಿತು. ಆದ್ದರಿಂದಲೇ ಹಸುವಿನ ಸತ್ಯಕ್ಕೆ ಬೆಲೆ ಬಂತು. ಒಬ್ಬರ ಪ್ರಾಮಾಣಿಕತೆ ಹೊರಗೆ ಕಾಣಬೇಕಾದರೆ ಇನ್ನೊಬ್ಬರು ಮೊದಲು ನಂಬಬೇಕು.

ಹಾಗೆಂದು ಕಣ್ಣುಮುಚ್ಚಿ ಎಲ್ಲರನ್ನೂ ನಂಬಿ ಎನ್ನಲಾರೆ. ಫೋನಿನಲ್ಲಿ ಓಟಿಪಿ ಕೇಳಿ ಖಾತೆ ಬರಿದು ಮಾಡುವ ಕಾಲವಿದು. ಅನುಮಾನ ಬರುವುದು ಸಹಜ. ಆದರೆ ಅನುಮಾನ ಬಂದಾಗ ನಾವು ಮೊದಲು ಯಾರ ಲೆಕ್ಕ ತಿರುವಿ ನೋಡುತ್ತೇವೆ? ಅದೇ ವ್ಯತ್ಯಾಸವನ್ನು ಸಹೋದ್ಯೋಗಿಯೊಬ್ಬರು ಹೇಳಿದ್ದರೆ ಮನೆಯಲ್ಲಿ ಒಂದು ಮಾತು ಕೇಳಿಯೇ ಕೇಳುತ್ತಿದ್ದೆ. ಹೂವಿನಾಕೆಯೆಂದು ಕೇಳಲಿಲ್ಲ. ನನ್ನನ್ನು ಇಂದಿಗೂ ಚುಚ್ಚುವುದು ಇದೇ.

2016ರಲ್ಲಿ ಶುರುವಾದ ಯುಪಿಐ ಈಗ ಆಕೆಯ ಬುಟ್ಟಿಗೂ ಬಂದಿದೆ. ರಟ್ಟಿಗೆ ಫೋನು ಹಿಡಿದರೆ ಆಯಿತು, ಯಾರಿಗೆ ಯಾರೂ ಬಾಕಿಯಿಲ್ಲ. ಮೊನ್ನೆ ನನ್ನ ಫೋನು ಚಾರ್ಜಿಲ್ಲದೆ ಆರಿತ್ತು, ಕೈಯಲ್ಲಿ ಚಿಲ್ಲರೆಯೂ ಇರಲಿಲ್ಲ. ಹೂವು ಹಿಂದಕ್ಕೆ ಚಾಚಿದೆ. "ಇರಲಿ, ನಾಳೆ ಕೊಡಿ ಟೀಚರಮ್ಮ" ಎಂದು ಆಕೆ ಬುಟ್ಟಿ ಎತ್ತಿಕೊಂಡಳು.

ಒಳಗೆ ಬಂದು, ಬಹಳ ದಿನಗಳ ಮೇಲೆ, ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಟ್ಟೆ. ಈ ಸಲ ಅದು ನಾನು ಮರೆಯಬಾರದೆಂದು.