ಊಟದ ನೇಮ ನೆಲದ್ದೋ, ಒಡಲಿನದೋ?

ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳ ಲಿಂಗಾಯತ ಮನೆತನಗಳಲ್ಲಿ ಹಲವು ಇಂದಿಗೂ ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುತ್ತವೆ. ನಿಲಂಗಾ, ಉದಗೀರಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ವಚನಕಾರ ಶರಣರ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಉಮರ್ಗಾಕ್ಕೆ ನೆರೆಯೂರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು ಬೆಳೆದ ಇಲ್ಲಿಯ ಸಸ್ಯಾಹಾರಿ ಕುಟುಂಬವೊಂದು ಮಾಲವಣಕ್ಕೋ ರತ್ನಾಗಿರಿಗೋ ಹೋಗಿ, ಸುರಮಯಿ, ಬಾಂಗಡಾ ಮೀನುಗಳ ಥಾಳಿಗೆ ಹೆಸರಾದ ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ ಏಳುವ ಪ್ರಶ್ನೆ ಬಹಳ ಹಳೆಯದು: ಊಟದ ನೇಮ ನೆಲಕ್ಕೆ ಸೇರಿದ್ದೋ, ಉಣ್ಣುವವನ ಒಡಲಿಗೆ ಸೇರಿದ್ದೋ?

ಧರ್ಮಸೂತ್ರಗಳು, ಅಂದರೆ ಆಚಾರದ ನಿಯಮಗಳನ್ನು ಚಿಕ್ಕ ಚಿಕ್ಕ ಸೂತ್ರಗಳಲ್ಲಿ ಹೇಳುವ ಪ್ರಾಚೀನ ಗ್ರಂಥಗಳು, ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ದಕ್ಷಿಣದ ಐದು, ಉತ್ತರದ ಐದು ಆಚಾರಗಳನ್ನು ಎಣಿಸುವ ಬೌಧಾಯನನು ಆಯಾ ದೇಶದಲ್ಲಿ ಆಯಾ ದೇಶದ ರೂಢಿಯೇ ಪ್ರಮಾಣವೆನ್ನುತ್ತಾನೆ, ಗೌತಮನು ಇದನ್ನು ಒಪ್ಪುವುದಿಲ್ಲವೆಂಬುದನ್ನೂ ಅಲ್ಲಿಯೇ ಹೇಳುತ್ತಾನೆ. ಕರಾವಳಿಯನ್ನು ನೋಡಿದರೆ ಗೌತಮನ ಆಕ್ಷೇಪಕ್ಕೇ ಬಲ ಬರುತ್ತದೆ. ಒಂದೇ ಕಡಲಂಚಿನಲ್ಲಿ ಗೌಡ ಸಾರಸ್ವತ ಬ್ರಾಹ್ಮಣರಲ್ಲಿ ಬಹುಮಂದಿಗೆ ಮೀನು ನಿತ್ಯದ ಊಟ, ಉಡುಪಿಯ ಶಿವಳ್ಳಿ ಬ್ರಾಹ್ಮಣರಿಗೆ ನಿಷಿದ್ಧ. ಮನುಸ್ಮೃತಿಯ ಐದನೆಯ ಅಧ್ಯಾಯವಂತೂ ಮೀನುಣ್ಣುವವನು ಎಲ್ಲ ಮಾಂಸವನ್ನೂ ಉಂಡಂತೆ ಎಂದು ಹೇಳಿದ ಬೆನ್ನಿಗೇ ದೇವತೆಗಳಿಗೂ ಪಿತೃಗಳಿಗೂ ಅರ್ಪಿಸುವಲ್ಲಿ ಪಾಠೀನ, ರೋಹಿತ ಎಂಬ ಮೀನುಗಳಿಗೆ ಅನುಮತಿ ಕೊಡುತ್ತದೆ.

12ನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. ಲಿಂಗವಂತನಿಗೆ ರಕ್ಷೆಯಾಗಿರುವ ಎಂಟು ಆವರಣಗಳಲ್ಲಿ, ಅಂದರೆ ಅಷ್ಟಾವರಣಗಳಲ್ಲಿ, ಪ್ರಸಾದವೂ ಒಂದು. ಮೈಮೇಲೆ ಧರಿಸಿದ ಇಷ್ಟಲಿಂಗಕ್ಕೆ ಪದಾರ್ಥದ ರೂಪವನ್ನು, ಒಳಗಿನ ಪ್ರಾಣಲಿಂಗಕ್ಕೆ ರುಚಿಯನ್ನು, ಭಾವಲಿಂಗಕ್ಕೆ ತೃಪ್ತಿಯನ್ನು ಅರ್ಪಿಸಿದ ಮೇಲೆ ಅದು ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ. ಗುಡಿಯನ್ನು ಊರಲ್ಲಿ ಬಿಟ್ಟು ಹೋಗಬಹುದು, ಕೊರಳ ಲಿಂಗವನ್ನು ಬಿಟ್ಟು ಹೋಗಲಾಗದು; ಆದ್ದರಿಂದ ಉದಗೀರದ ಮನೆಯಲ್ಲಿ ಅರ್ಪಿಸಲಾಗದ್ದನ್ನು ಮಾಲವಣದಲ್ಲಿಯೂ ಅರ್ಪಿಸಲಾಗದು. ಪ್ರವಾಸದಲ್ಲಿ ನೇಮ ಸಡಿಲವೆಂಬ ಮಾತಿಗೆ ಈ ತತ್ತ್ವದಲ್ಲಿ ಆಧಾರವಿಲ್ಲ.

ಅಡುಗೆಮನೆಯಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಖಾರದಪುಡಿ, ಅರಿಸಿನ ಸವರಿ ರವೆಯಲ್ಲಿ ಹೊರಳಿಸಿದ ಸುರಮಯಿಯ ತುಂಡುಗಳು ಹುರಿದ ತವೆಯ ಮೇಲೆಯೇ, ಅದೇ ಎಣ್ಣೆಯಲ್ಲಿ, ಅದೇ ಮಸಾಲೆ ಹಚ್ಚಿದ ಬಟಾಟೆಯ ಬಿಲ್ಲೆಗಳೂ ಹುರಿದು ಬಂದರೆ ಅವು ಅರ್ಪಣೆಗೆ ಯೋಗ್ಯವೇ? ಬಟಾಟೆಗಾಗಿ ಯಾವ ಜೀವವನ್ನೂ ಕೊಂದಿಲ್ಲ, ಹಾಗಾಗಿ ಇಲ್ಲಿರುವುದು ಕೊಲೆಯ ಪ್ರಶ್ನೆಯಲ್ಲ, ಸೋಂಕಿನ ಪ್ರಶ್ನೆ. ಆದರೆ ಜಾತಿಯ ಸೋಂಕನ್ನು ಧಿಕ್ಕರಿಸಿದ ಪರಂಪರೆಯೇ ಅರ್ಪಿಸುವವನ ಮನಸ್ಸು ಅಳುಕಬಾರದೆಂದೂ ಬಯಸುತ್ತದೆ. ಬೇರೆ ತವೆಯಲ್ಲಿ ಹುರಿದು ಕೊಡಿರೆಂದು ಕೇಳುವುದು ಸರಿ, ಹಾಗೆ ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ತೆಂಗಿನ ಹಾಲು, ಕೋಕಮ್ಮಿನ ಸೋಲಕಢಿ ಮೀನಿನ ಥಾಳಿಯೊಂದಿಗೆ ಬರುತ್ತದೆಂಬ ಕಾರಣಕ್ಕೇ ಅದನ್ನು ದೂರವಿಡುವುದು ಮಾತ್ರ ಅತಿಯಾಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಪಕ್ಕದ ಮೇಜಿನದು. ಮೀನುಣ್ಣದಿರುವುದು ವ್ರತವಾಗಿರುವವರೆಗೆ ಅದು ಧರ್ಮ. ಉಣ್ಣುವವನಿಗಿಂತ ತಾನು ಮೇಲೆಂಬ ಲೆಕ್ಕ ಮನಸ್ಸಿನಲ್ಲಿ ಹೊಕ್ಕರೆ ಶರಣರು ಒಡೆಯಲೆತ್ನಿಸಿದ ಶ್ರೇಣಿಯೇ ಅಡುಗೆಮನೆಯ ಬಾಗಿಲಿನಿಂದ ಮರಳಿ ಬರುತ್ತದೆ. ದೋಣಿ ನಡೆಸುವ ಅಂಬಿಗರ ಚೌಡಯ್ಯನನ್ನು ಶರಣನೆಂದು ಎಣಿಸಿದ ಪರಂಪರೆಗೆ ನೀರನ್ನೇ ನಂಬಿ ದುಡಿಯುವವರನ್ನು ಕೀಳಾಗಿ ಕಾಣುವ ಹಕ್ಕಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಬಳಿಕ ಶ್ರಾವಣದ ಹುಣ್ಣಿಮೆಯಂದು, ಅಂದರೆ ನಾರಳಿ ಪೌರ್ಣಿಮೆಯಂದು, ಕೋಳಿ ಸಮುದಾಯದ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುತ್ತಾರೆ. ಅದೇ ಶ್ರಾವಣದಲ್ಲಿ ಒಳನಾಡಿನ ಎಷ್ಟೋ ಮಾಂಸಾಹಾರಿಗಳು ಮೀನು, ಮಾಂಸ ಬಿಟ್ಟಿರುತ್ತಾರೆ. ಒಂದು ಕಡೆಯ ತ್ಯಾಗದ ಮಾಸ ಇನ್ನೊಂದು ಕಡೆಯ ಕಾಯಕದ ಆರಂಭವಾಗಿದ್ದು, ಎರಡೂ ದೇವರ ಹೆಸರಿನಲ್ಲಿಯೇ ನಡೆಯುತ್ತವೆ. ಆದರೂ ದುಡಿಮೆಯ ಗೌರವಕ್ಕೂ ಕೊಲ್ಲದಿರುವ ನೇಮಕ್ಕೂ ನಡುವಿನ ಎಳೆದಾಟ ಇದರಿಂದ ಪೂರ್ತಿ ತೀರುವುದಿಲ್ಲ. ಶರಣರ ವಚನಗಳಲ್ಲಿ ಕಾಯಕದ ಹಿರಿಮೆಯೂ ಇದೆ, ಕೊಲ್ಲುವವನ ಮೇಲಿನ ಕಟುಮಾತೂ ಇದೆ, ಉದಗೀರದ ಆ ಕುಟುಂಬ ಇವೆರಡರಲ್ಲಿ ಯಾವುದನ್ನೂ ಬಿಟ್ಟುಕೊಡದೆ ಉಣ್ಣಬೇಕಾಗಿದೆ.