ಧೈರ್ಯ ಹೇಳುವುದು

ಕನ್ನಡದಲ್ಲಿ ನಾವು ಧೈರ್ಯವನ್ನು 'ಹೇಳುತ್ತೇವೆ'. ಕಾಯಿಲೆಯವರನ್ನು ನೋಡಿ ಬಂದವರು 'ಧೈರ್ಯ ಹೇಳಿ ಬಂದೆ' ಅನ್ನುತ್ತಾರೆ. ಇನ್ನೊಬ್ಬರ ಮೈಯಲ್ಲಿ ಮುಂದೇನಾಗುತ್ತದೆಂದು ತಿಳಿಯದೆ ಧೈರ್ಯವನ್ನು ಹೇಳುವುದು ಹೇಗೆ? ಹೋದ ಮಳೆಗಾಲ, ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಂಗಾತ ಮಲಗಿ ಹೆಂಚು ಎಣಿಸುತ್ತಿದ್ದಾಗ ಈ ಪ್ರಶ್ನೆ ಬೆನ್ನು ಹತ್ತಿತು.

ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತಿತ್ತು. ಬಲಗಾಲಿನ ಹೆಬ್ಬೆರಳು ಮೇಲೇಳುತ್ತಿರಲಿಲ್ಲ. ಆಪರೇಷನ್ ಆಯಿತು. ಇದೇನೂ ಹೊಸ ಚಿಕಿತ್ಸೆಯಲ್ಲ. ಇಂಥ ಕಾಲುನೋವಿಗೆ ಜಾರಿದ ಡಿಸ್ಕ್ ಕಾರಣವಾಗಬಹುದು, ಅದನ್ನು ತೆಗೆಯಬಹುದು ಎಂದು ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲೇ ಬರೆದಿದ್ದರು. ಆದರೆ ಮಲೆನಾಡಿನಲ್ಲಿ ಬೆನ್ನಿನ ಆಪರೇಷನ್ ಅಂದರೆ ಜನ ಕೇಳುವುದು, "ಮತ್ತೆ ನಡೀತಾನಾ?" ಯಾಕೆಂದರೆ ಅಡಿಕೆ ಮರದಿಂದ ಬಿದ್ದ ಒಬ್ಬರಾದರೂ ಎಲ್ಲರಿಗೂ ಗೊತ್ತು.

ಬಂದವರು ಬಹಳ. ತೀರ್ಥಹಳ್ಳಿಯಿಂದ ನನಗೆ ಪದವಿಯಲ್ಲಿ ಪಾಠ ಮಾಡಿದ ಮೇಡಂ ಎರಡು ಬಸ್ಸು ಬದಲಿಸಿ ಬಂದರು. ಗೈಡ್ ಫೋನ್ ಮಾಡಿ, ಥೀಸಿಸ್ ಎಲ್ಲೂ ಓಡಿಹೋಗುವುದಿಲ್ಲ ಅಂದರು. ಎಲ್ಲರದ್ದೂ ಒಂದೇ ಮಾತು: "ಏನೂ ಆಗಲ್ಲ, ಚಿಕ್ಕ ವಯಸ್ಸು, ಬೇಗ ಸರಿಹೋಗ್ತೀಯ." ನಾನು ನಗುತ್ತಿದ್ದೆ. ಅವರ ಮಾತು ಸುಳ್ಳಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ಈಗ ನನ್ನದಾಗಿತ್ತು. ರಾತ್ರಿ ಬೆರಳು ಅಲುಗದಿದ್ದರೆ ಪರೀಕ್ಷೆಯಲ್ಲಿ ಫೇಲಾದ ಹಾಗೆ ಅನಿಸುತ್ತಿತ್ತು. (ಸಾಗರದಿಂದ ಬಂದ ಸೋದರತ್ತೆ ಮಾತ್ರ ಏನೂ ಹೇಳಲಿಲ್ಲ. ಎಂಟು ದಿನ ಉಳಿದು ಗಂಜಿ ಬೇಯಿಸಿ ಹೋದರು.)

ಸಂಜೆ ಬರುತ್ತಿದ್ದವರು ನಮ್ಮೂರಿನ ಒಬ್ಬ ಕೊನೆಗಾರರು. ಆರು ವರ್ಷದ ಹಿಂದೆ, ಕೊಳೆ ಔಷಧಿ ಹೊಡೆಯುವಾಗ, ನಮ್ಮ ತೋಟದಲ್ಲೇ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು. ಈಗ ಕೋಲು ಹಿಡಿದು ಎಡಗಾಲು ಎಳೆಯುತ್ತ ನಡೆಯುತ್ತಾರೆ, ಕೂತು ಅಡಿಕೆ ಸುಲಿಯುತ್ತಾರೆ. ಜಗಲಿಯ ಅಂಚಿಗೆ ಕೂತು ಕೇಳುತ್ತಿದ್ದರು:

"ಇವತ್ತು ಎಷ್ಟು ಸುತ್ತಾತು ತಮ್ಮಾ?"

"ಹನ್ನೊಂದು ಅಣ್ಣ."

"ನಿನ್ನೆ ಹದಿನಾಲ್ಕಾಗಿತ್ತು."

"ಇವತ್ತು ನೋವಿತ್ತು."

"ಇರ್ತದೆ. ಮೂರನೇ ವಾರ ನಂದೂ ಹಿಂದೆ ಹೋಗಿತ್ತು."

ಅಷ್ಟೇ. ಶಹಬ್ಬಾಸ್ ಅನ್ನಲಿಲ್ಲ, ಸಮಾಧಾನ ಮಾಡಲಿಲ್ಲ. ಹಿಂದೆ ಹೋಗುವುದೂ ದಾರಿಯಲ್ಲೇ ಇದೆ ಎಂದು ನನಗೆ ತಿಳಿದದ್ದು ಅವರಿಂದ. ಎದ್ದೇಳುವಾಗ ಮೈಯನ್ನು ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಬೇಕೆಂದು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಕೈ ಎಲ್ಲಿ ಊರಬೇಕೆಂದು ತೋರಿಸಿದವರು ಇವರು.

ಮಲಗಿದ್ದಾಗ ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸ್ ನೆನಪಾಗುತ್ತಿದ್ದರು. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಕಾಲುಗಳು ಸ್ವಾಧೀನ ತಪ್ಪಿದವು. ಪಾಲ್ ಬ್ರಾಂಡ್ ಅವರಿಗೆ ತೋರಿಸಿದ್ದು ಕೆಲಸವನ್ನು: ಕುಷ್ಠರೋಗದಿಂದ ಮಡಚಿಹೋದ ಕೈಗಳ ಶಸ್ತ್ರಚಿಕಿತ್ಸೆಯನ್ನು ಗಾಲಿಕುರ್ಚಿಯಲ್ಲಿ ಕೂತೇ ಮಾಡಬಹುದಿತ್ತು. ಮೇರಿ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಶುರುವಾದದ್ದರ ಹಿಂದೆ ಇದ್ದವರೂ ಅವರೇ. 'ನಡೀತೀಯ' ಎಂಬ ಭರವಸೆಗಿಂತ 'ಇದನ್ನು ಮಾಡಬಲ್ಲೆ' ಎಂಬ ನಂಬಿಕೆ ದೊಡ್ಡದೆಂದು ಟಿಪ್ಪಣಿ ಬರೆದುಕೊಂಡೆ. ಸಂಶೋಧಕರ ಚಾಳಿ, ನೋವಿನಲ್ಲೂ ಉದಾಹರಣೆ ಹುಡುಕುತ್ತೇವೆ.

ಆದರೆ ಉದಾಹರಣೆ ಜಗಲಿಯ ಮೇಲೇ ಕೂತಿತ್ತು. ಒಂದು ಸಂಜೆ ಕೇಳಿದೆ, "ಆಗ ನಿಮಗೆ ಧೈರ್ಯ ಹೇಳಿದ್ದು ಯಾರು?"

ನಕ್ಕರು. "ನಮಗೆ ಹಣೆಬರಹ ಅಂತ ಹೇಳಿದ್ರು."

ಅಪ್ಪ ಆಸ್ಪತ್ರೆಯ ಖರ್ಚಿಗೆ ದುಡ್ಡು ಕೊಟ್ಟಿದ್ದರು. ಲೆಕ್ಕ ಅಲ್ಲಿಗೆ ಮುಗಿಯಿತೆಂದು ಮನೆಯವರೆಲ್ಲ ಅಂದುಕೊಂಡೆವು. ಆಗ ಎಂ.ಎ. ಓದುತ್ತಿದ್ದ ನಾನು ಒಮ್ಮೆ ಹೋಗಿದ್ದೆ. ಹೆಗಲಿಗೆ ಬ್ಯಾಗು, ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲೇ ನಿಂತು "ಬೇಗ ಸರಿಹೋಗ್ತೀರಿ" ಎಂದು ಬಂದಿದ್ದೆ. ಬೆನ್ನುಮೂಳೆ ಇಬ್ಬರದೂ ಒಂದೇ ಥರದ್ದು. ಯಾರ ನಾಳೆಯನ್ನು ನಾವು ಊಹಿಸಬಲ್ಲೆವೋ ಅವರಿಗಷ್ಟೇ ಧೈರ್ಯ ಹೇಳುತ್ತೇವೇನೋ. ನನಗೆ ಥೀಸಿಸ್ ಇತ್ತು, ಕೆಲಸ ಸಿಗಬಹುದಿತ್ತು. ಅವರಿಗೆ ನಾವು ಊಹಿಸಿದ್ದ ನಾಳೆಯೆಂದರೆ ಮರವೊಂದೇ. ಅದು ಹೋಯಿತು, ಹಾಗಾಗಿ ನಮ್ಮ ಮಾತೂ ನಿಂತಿತು. ಈಗ ಫೈಬರ್ ದೋಟಿ ಬಂದು ಮರ ಹತ್ತುವುದು ಕಡಿಮೆಯಾಗಿದೆ, ಬೀಳುವವರೂ ಕಡಿಮೆಯಾದಾರು. ಬಿದ್ದವರು ಹಾಗೇ ಇದ್ದಾರೆ.

ಹಾಗಿದ್ದೂ ಅವರು ದಿನಾ ಬಂದದ್ದೇಕೆ? ಕ್ಷಮಿಸಿದ್ದಾರೆ ಅಂದುಕೊಂಡರೆ ನನಗೆ ಅನುಕೂಲ, ಅದಕ್ಕೇ ಆ ಉತ್ತರವನ್ನು ನಾನು ನಂಬುವುದಿಲ್ಲ.

ಬೆರಳು ಈಗ ಏಳುತ್ತದೆ. ನಲವತ್ತು ನಿಮಿಷ ಕೂತು ಬರೆಯಬಲ್ಲೆ. ವಿಶ್ವವಿದ್ಯಾಲಯಕ್ಕೆ ಹೊರಡುವ ಹಿಂದಿನ ಸಂಜೆ ನಾನೇ ಕೇಳಿದೆ, "ಅಣ್ಣ, ನೀವು ದಿನಕ್ಕೆ ಎಷ್ಟು ಸುತ್ತು ನಡೀತೀರಿ?"

ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಎಣಿಸಿಲ್ಲಲ ತಮ್ಮಾ. ಯಾರೂ ಕೇಳಿರಲಿಲ್ಲ. ನಾಳೆ ಎಣಿಸಿ ಹೇಳ್ತೆ."

ಬೆಳಿಗ್ಗೆಯ ಬಸ್ಸಿಗೆ ಟಿಕೆಟ್ ಆಗಿತ್ತು. ರದ್ದು ಮಾಡಿಸಿದೆ.